ಶನಿವಾರದ ಸುಸ್ತು

ಆ ಶನಿವಾರ ಸಂಜೆ ನಮ್ಮ ದ್ವಾರಕಾದ ಫ್ಲ್ಯಾಟಿನ ಒಳಕೋಣೆಯಲ್ಲಿ ನಾವು ನಾಲ್ವರಿದ್ದೆವು. ದಿವಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತವರು ನನ್ನ ಸೋದರತ್ತೆ, ನಮ್ಮ ತಂದೆಯ ತಂಗಿ. ಅವರ ಎದುರಿಗೆ ಮನೆಯ ಹಳೆಯ ಲ್ಯಾಪ್‌ಟಾಪು. ಕಿಟಕಿಯ ಪಕ್ಕ, ಇಲ್ಲಿಯವರು ಮೋಡಾ ಎನ್ನುವ ಬೆತ್ತದ ಪೀಠದ ಮೇಲೆ ನನ್ನ ಮಗಳು. ಗುರುಗ್ರಾಮದ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ, ಅಂದು ರಜೆ. ನನ್ನ ಹೆಂಡತಿ ನೆಲದ ಮೇಲೆ ಹಳೆಯ ಪತ್ರಿಕೆ ಹರಡಿಕೊಂಡು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದಳು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಇನ್ನು ಪರದೆಯೊಳಗೆ, ಪುಟ್ಟ ಪುಟ್ಟ ಚೌಕಗಳಲ್ಲಿ, ದಿಲ್ಲಿಯ ಸುತ್ತಮುತ್ತಲಿನ ಕೆಲವು ಮಕ್ಕಳು ಕಥೆ ಕೇಳಲು ಕಾದು ಕುಳಿತಿದ್ದರು.

ಬೇರೆ ಶನಿವಾರಗಳಲ್ಲಿ ಆ ಹೊತ್ತಿಗೆ ಆ ಕೋಣೆಗೆ ನಮಗೆ ಪ್ರವೇಶವಿರಲಿಲ್ಲ. ದೊಡ್ಡವರು ಹತ್ತಿರವಿದ್ದರೆ ಮಕ್ಕಳ ಬಾಯಿ ಕಟ್ಟಿಹೋಗುತ್ತದೆ ಎಂದು ಅತ್ತೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವರು ಚಿತ್ರದುರ್ಗದ ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೇಡಂ ಆಗಿದ್ದವರು; ಇನ್‌ಸ್ಪೆಕ್ಟರು ಬಂದಾಗ ಬುದ್ಧಿವಂತ ಮಕ್ಕಳೂ ಮಗ್ಗಿ ಮರೆಯುವುದನ್ನು ಕಂಡವರು. ಅಂದು ಮಾತ್ರ ಅವರೇ ನಮ್ಮನ್ನು ಒಳಗೆ ಕರೆದಿದ್ದರು. ಕಾರಣ ಇಷ್ಟೇ: ಬೆಳಿಗ್ಗೆ ಕಾಫಿ ಕುಡಿಯುತ್ತಾ, ಇವತ್ತಿಗೆ ಈ ಕಥೆ ಹೇಳುವುದನ್ನು ನಿಲ್ಲಿಸುತ್ತೇನೆ, ಕೊನೆಯ ಸಲ ನೀವೂ ಕೇಳಿ ಎಂದು ಹೇಳಿಬಿಟ್ಟಿದ್ದರು.

ಯಾಕೆ ಎಂದು ಕೇಳಿದರೆ, ಸಾಕು ಕಣೋ ಎಂದರು. ಅವರ ಸಾಕು ಎಂಬ ಮಾತಿಗೆ ಎದುರು ಹೇಳುವ ಅಭ್ಯಾಸ ನನಗೆ ಎಳವೆಯಿಂದಲೂ ಇಲ್ಲ. ನಾನು ಮಾತು ಕಲಿತದ್ದೇ ಅವರ ಬಾಯಿಂದ. ಅಮ್ಮ ಹೊಲದಿಂದ ಬರುವವರೆಗೆ ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು, ಕಂಡದ್ದಕ್ಕೆಲ್ಲ ಹೆಸರು ಹೇಳುತ್ತಾ ತಿರುಗುತ್ತಿದ್ದರಂತೆ. ಬಿಸಿಲು, ನೆರಳು, ಕಣಜ, ಕಾಗೆ. ನಾನು ದಿಲ್ಲಿಗೆ ಬಂದು ಕಡತಗಳ ನಡುವೆ ಒಂದು ಆಯುಷ್ಯ ಕಳೆದು ನಿವೃತ್ತನಾದರೂ, ಸಿಟ್ಟು ಬಂದಾಗ ನನ್ನ ಬಾಯಲ್ಲಿ ಹೊರಡುವುದು ಈಗಲೂ ಅವರ ಕನ್ನಡವೇ.

ಮಂಡಿ ಶಸ್ತ್ರಚಿಕಿತ್ಸೆಗೆಂದು ಬಂದ ಅತ್ತೆ ನಮ್ಮಲ್ಲೇ ಉಳಿದರು. ಮಂಡಿ ಸರಿಹೋಯಿತು. ಸರಿಹೋಗದೆ ಉಳಿದದ್ದು ಮಾತಿನ ಬಾಬತ್ತು. ಲಿಫ್ಟಿನಲ್ಲಿ ಸಿಕ್ಕವರು ನಮಸ್ತೇ ಆಂಟೀಜಿ ಎನ್ನುತ್ತಾರೆ, ಇವರು ನಮಸ್ತೇ ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ತರಕಾರಿ ಭಯ್ಯಾನೊಂದಿಗೆ ಬೆರಳು ತೋರಿಸಿ ವ್ಯವಹಾರ. ಸೊಸೈಟಿಯ ಪಾರ್ಕಿನಲ್ಲಿ ಸಂಜೆ ಸೇರುವ ಹೆಂಗಸರ ಬೆಂಚಿನಲ್ಲಿ ಇವರಿಗೂ ಜಾಗ ಬಿಡುತ್ತಿದ್ದರು. ಅವರು ನಕ್ಕಾಗ ಇವರೂ ನಕ್ಕು ಎದ್ದು ಬರುತ್ತಿದ್ದರು. ಒಂದು ದಿನ ಮನೆಗೆ ಬಂದವರೇ ನನ್ನ ಹೆಂಡತಿಗೆ, ಇವತ್ತು ಅರ್ಧ ಗಂಟೆ ನಕ್ಕಿದ್ದೀನಮ್ಮ, ಯಾತಕ್ಕೆ ಅಂತ ನೀನು ಯಾರನ್ನಾದರೂ ವಿಚಾರಿಸಿ ಹೇಳು ಎಂದರಂತೆ.

ಕಥೆಯ ಶನಿವಾರ ಶುರುವಾದದ್ದು ನಮ್ಮ ಮೇಲಿನ ಮಹಡಿಯ ಕೊಡಗಿನವರಿಂದ. ಯಜಮಾನರು ವಾಯುಸೇನೆಯಲ್ಲಿದ್ದಾರೆ. ಇಬ್ಬರು ಹೆಣ್ಣುಮಕ್ಕಳು, ಮನೆಯಲ್ಲಿ ಕೊಡವ ಮಾತು, ಹೊರಗೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಕನ್ನಡಕ್ಕೆ ನಿಲ್ಲಲು ಜಾಗವೇ ಇರಲಿಲ್ಲ. ಆ ಮಕ್ಕಳ ತಾಯಿ ಬಂದು ಸ್ವಲ್ಪ ಕನ್ನಡ ಹೇಳಿಕೊಡಿ ಎಂದು ಕೇಳಿದಾಗ ಅತ್ತೆ, ಕನ್ನಡ ಹೇಳಿಕೊಡೋದಿಲ್ಲ, ಬೇಕಾದರೆ ಕಥೆ ಹೇಳ್ತೀನಿ ಎಂದು ಒಪ್ಪಿಕೊಂಡರು. ಸ್ವಲ್ಪ ದಿನಕ್ಕೆ ಆ ಕುಟುಂಬಕ್ಕೆ ಗಾಜಿಯಾಬಾದಿನ ಕಡೆಗೆ ವರ್ಗವಾಯಿತು. ಕಥೆ ಅರ್ಧಕ್ಕೆ ನಿಂತಿತೆಂದು ಚಿಕ್ಕ ಮಗು ಅತ್ತುಬಿಟ್ಟಿತು. ಅದರ ಅಳು ನಿಲ್ಲಿಸಲು ನನ್ನ ಮಗಳು ತನ್ನ ಹಳೆಯ ಲ್ಯಾಪ್‌ಟಾಪನ್ನು ಕಪಾಟಿನಿಂದ ತೆಗೆದು, ಕ್ಯಾಮೆರಾ ಒರೆಸಿ, ಯಾವ ಗುಂಡಿ ಒತ್ತಬೇಕು ಎಂದು ಅತ್ತೆಗೆ ತೋರಿಸಿಕೊಟ್ಟಳು. ಒಬ್ಬರಿಂದೊಬ್ಬರಿಗೆ ಸುದ್ದಿ ಹೋಗಿ ಬೇರೆ ಮಕ್ಕಳೂ ಸೇರಿಕೊಂಡರು. ನೋಯ್ಡಾದ ಒಂದು ಐಟಿ ದಂಪತಿಯ ಮಗಳೂ ಬಂದಳು. ಅವಳ ತಾಯಿ ಧಾರವಾಡದ ಹಿಂದೂ ಮನೆಯವರು, ತಂದೆ ಮಂಗಳೂರಿನ ಬ್ಯಾರಿ ಮುಸ್ಲಿಮರು. ಮನೆಯಲ್ಲಿ ಎರಡು ಬಗೆಯ ಕನ್ನಡ ಕೇಳಿ ಕೇಳಿ ಯಾವುದನ್ನು ಆಡುವುದೆಂದು ತಿಳಿಯದೆ ಆ ಹುಡುಗಿ ಹಿಂದಿಯಲ್ಲೇ ಮಾತಾಡುತ್ತಿದ್ದಳು. ಎಲ್ಲರಿಗಿಂತ ಜೋರು ಬಾಯಿ ಅವಳದೇ.

ಅತ್ತೆ ಹೇಳುತ್ತಿದ್ದುದು ತಾವೇ ಕಟ್ಟಿದ ಕಥೆ. ಹಿಡಿ ಕಳೆದುಕೊಂಡ ಒಂದು ಬಾಣಲೆ ತನ್ನ ಹಿಡಿಯನ್ನು ಹುಡುಕಿಕೊಂಡು ಊರೂರು ತಿರುಗುತ್ತದೆ. ದಾರಿಯಲ್ಲಿ ಸಿಕ್ಕ ಕೋಳಿಯನ್ನೋ ಕಮ್ಮಾರನನ್ನೋ ಬಸ್ ಕಂಡಕ್ಟರನನ್ನೋ ನಿಲ್ಲಿಸಿ, "ನನ್ನ ಹಿಡಿ ಕಂಡಿರಾ?" ಎಂದು ಕೇಳುತ್ತದೆ. ಆಗ ಮಕ್ಕಳೆಲ್ಲ ಒಟ್ಟಿಗೆ, "ಕಾಣೆ ಕಾಣೆ, ಮುಂದೆ ಕೇಳು" ಎನ್ನಬೇಕು. ಬಾಣಲೆಯ ಮುಂದಿನ ಪ್ರಶ್ನೆ ಆ ಉತ್ತರದ ಬೆನ್ನಿಗೇ ಬೀಳಬೇಕು. ರೊಟ್ಟಿ ತಟ್ಟುವಾಗ ಎರಡು ಕೈಗಳ ನಡುವೆ ಇರುವಂಥ ಲಯ ಅದು. ಒಂದು ಕೈ ತಡವಾದರೆ ರೊಟ್ಟಿ ಹರಿಯುತ್ತದೆ.

ಲ್ಯಾಪ್‌ಟಾಪು ಮಾಡುತ್ತಿದ್ದ ತರಲೆಯೂ ಅದೇ. ಮೊದಲ ಕಾಲು ಗಂಟೆ ಚೆನ್ನಾಗಿ ಓಡುತ್ತಿತ್ತಂತೆ. ಆಮೇಲೆ ಯಾವುದೋ ಒಂದು ಮಾತಿನ ನಡುವೆ ಅತ್ತೆಯ ಚಿತ್ರ ಬಾಯಿ ತೆರೆದಂತೆಯೇ ನಿಂತುಹೋಗುತ್ತಿತ್ತು. ಧ್ವನಿ ಎಳೆದುಕೊಂಡು, ಎಳೆದುಕೊಂಡು, ಬಾವಿಯ ತಳದಿಂದ ಬಂದಂತೆ ಬರುತ್ತಿತ್ತು. ಮಕ್ಕಳ ಕಾಣೆ ಕಾಣೆ ಇತ್ತ ಬಂದು ತಲುಪುವ ಹೊತ್ತಿಗೆ ಅತ್ತೆ ಮುಂದಿನ ಊರಿಗೆ ಹೋಗಿರುತ್ತಿದ್ದರು. ಇಬ್ಬರು ಮಕ್ಕಳು ಬರುವುದನ್ನು ಬಿಟ್ಟೇಬಿಟ್ಟರು. ಉಳಿದವರೂ ಒಂದೊಂದು ವಾರ ತಪ್ಪಿಸತೊಡಗಿದರು.

ಈ ಯಂತ್ರವನ್ನು ದುರಸ್ತಿ ಮಾಡುವ ಹೊಣೆಯನ್ನು ನಾನು ಹೊತ್ತೆ. ನಿವೃತ್ತನಾದವನಿಗೆ ಮನೆಯಲ್ಲಿ ಒಂದು ಕೆಟ್ಟ ವಸ್ತು ಇರುವುದು ದೊಡ್ಡ ಭಾಗ್ಯ. ಬೆಳಿಗ್ಗೆ ತಿಂಡಿಯಾದ ಮೇಲೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು, ಕನ್ನಡಕ ಏರಿಸಿ, ಬೇಡದ ಫೋಟೋಗಳನ್ನು ಅಳಿಸಿದೆ. ಮಗಳು ಕಾಲೇಜಿನಲ್ಲಿದ್ದಾಗ ಹಾಕಿಕೊಂಡಿದ್ದ ಆಟಗಳನ್ನೂ, ತಾವಾಗಿ ಎದ್ದು ಕೂರುವ ಯಾವ್ಯಾವುದೋ ಪ್ರೋಗ್ರಾಮುಗಳನ್ನೂ ತೆಗೆದೆ. ವೈರಸ್ಸಿಗೆ ಔಷಧ ಕೊಟ್ಟೆ. ಎಡವಟ್ಟಾದಾಗ ಕಚೇರಿಯಲ್ಲಿದ್ದ ಮಗಳಿಗೆ ಫೋನು. ಅವಳದು ಒಂದೇ ಮಂತ್ರ: ಅಪ್ಪಾ, ಪೆಹಲೇ ರೀಸ್ಟಾರ್ಟ್ ಮಾಡಿ. ಮಾಡುತ್ತಿದ್ದೆ. ಬೇಟೆನಾಯಿಯಂತೆ ಓಡುತ್ತಿತ್ತು. ಗಂಟೆಗಟ್ಟಲೆ ಕುಳಿತು ಕಾದರೂ ಒಮ್ಮೆಯೂ ನಿಧಾನವಾಗುತ್ತಿರಲಿಲ್ಲ. ಶನಿವಾರ ಬಂದು ಅತ್ತೆ ಬಾಗಿಲು ಹಾಕಿಕೊಂಡರೆ ಮತ್ತೆ ಅದೇ ಕಥೆ.

ಇಂಟರ್‌ನೆಟ್ಟಿನದೇ ದೋಷವಿರಬೇಕೆಂದು ಆ ಕಂಪನಿಯವರನ್ನು ಕರೆಸಿದೆ. ಅವರು ತಮ್ಮ ಫೋನಿನಲ್ಲಿ ಅಳೆದು, ಲೈನು ಫಸ್ಟ್ ಕ್ಲಾಸ್ ಎಂದು ಹೇಳಿ ಚಹಾ ಕುಡಿದು ಹೋದರು. ಗೋಡೆ ಅಡ್ಡ ಬರುತ್ತಿದೆಯೇನೋ ಎಂದು ರೂಟರನ್ನು ಅತ್ತೆಯ ಕೋಣೆಯ ಬಾಗಿಲಿನ ಮೇಲೆ ನೇತುಹಾಕಿದೆ. ಅದರ ಹಸಿರು ದೀಪ ಮಿಣುಕುವುದನ್ನು ನೋಡಿ ಹೆಂಡತಿ, ತೋರಣ ಚೆನ್ನಾಗಿದೆ, ಹಬ್ಬ ಯಾವುದು ಎಂದು ವಿಚಾರಿಸಿದಳು. ನಮ್ಮ ಸೆಕ್ಟರಿನ ಮಾರ್ಕೆಟ್ಟಿನ ದುರಸ್ತಿ ಅಂಗಡಿಗೂ ಒಯ್ದೆ. ಅಂಗಡಿಯವನು ಮುಚ್ಚಳದ ಮೇಲಿದ್ದ ಆಯುಧಪೂಜೆಯ ಕುಂಕುಮವನ್ನು ನೋಡಿ ನಕ್ಕು, ಇಡೀ ದಿನ ಚಾಲೂ ಇಟ್ಟು, ಸಂಜೆ ಹಿಂತಿರುಗಿಸಿದ. ಏನೂ ತೊಂದರೆಯಿಲ್ಲವಂತೆ, ವಯಸ್ಸಾಗಿದೆಯಂತೆ, ಅಷ್ಟೇ. ಮನೆಗೆ ಬಂದು ಅದನ್ನೇ ಜೋರಾಗಿ ಹೇಳಿದೆ. ಅತ್ತೆ ಹೂಬತ್ತಿ ಹೊಸೆಯುತ್ತಾ ಕುಳಿತಿದ್ದರು. ತಲೆ ಎತ್ತಲಿಲ್ಲ.

ಆಗ ನಡೆದ ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಒಂದು ರಾತ್ರಿ ಊಟಕ್ಕೆ ಕುಳಿತಾಗ ಮಗಳು ತನ್ನ ಮಾಮೂಲಿ ಕಲಸುಮೇಲೋಗರ ಭಾಷೆಯಲ್ಲಿ, ಅಚ್ಛಾ ಅಪ್ಪಾ, ಲ್ಯಾಪ್‌ಟಾಪ್ ಇನ್ನೂ ಸುಸ್ತ್ ಆಗಿದೆಯಾ ಎಂದು ಕೇಳಿದಳು. ಅತ್ತೆ ತುತ್ತು ಕೈಯಲ್ಲೇ ಹಿಡಿದು, ಪಾಪ, ಅದಕ್ಕೂ ಸುಸ್ತೇ ಎಂದರು. ತಮಾಷೆ ಮಾಡುತ್ತಿದ್ದಾರೆಂದು ನಾವೆಲ್ಲ ನಕ್ಕೆವು. ಅವರು ನಗಲಿಲ್ಲ ಎಂಬುದು ನನಗೆ ಆಮೇಲೆ ನೆನಪಾಯಿತು.

ಸರಿ, ಆ ಶನಿವಾರಕ್ಕೆ ಬರೋಣ. ಏಪ್ರಿಲ್ಲಿನ ಬಿಸಿಲು ಆಗಲೇ ಗೋಡೆಯೊಳಗೆ ಸೇರಿಕೊಂಡಿತ್ತು. ಫ್ಯಾನು ಬಿಸಿಗಾಳಿಯನ್ನೇ ಕಲಕುತ್ತಿತ್ತು. ಅತ್ತೆ ತಲೆ ಬಾಚಿಕೊಂಡು, ಹೊರಗೆ ಹೋಗುವಾಗ ಉಡುವ ಸೀರೆ ಉಟ್ಟಿದ್ದರು. ಕೊನೆಯ ಪಾಠ ಎಂಬುದನ್ನು ಮಕ್ಕಳಿಗೆ ಹೇಳಿರಲಿಲ್ಲ. ಬಾಣಲೆಯ ಹಿಡಿಯನ್ನು ಹೇಗಾದರೂ ಇವತ್ತು ಹುಡುಕಿಸಿಕೊಟ್ಟು, ಹೋಗಿ ಬನ್ನಿ ಮಕ್ಕಳೇ ಎಂದು ಬಿಡುವುದು ಅವರ ಲೆಕ್ಕಾಚಾರ.

ಕಥೆ ಶುರುವಾಯಿತು. ಅಬ್ಬಾ, ಅವರು ಕಥೆ ಹೇಳುವುದನ್ನು ನಾನು ಎಷ್ಟೋ ವರ್ಷಗಳ ಮೇಲೆ ಕೇಳಿದೆ. ಬಾಣಲೆ ಸಂತೆಯ ಬಸ್ಸು ಹತ್ತಿತು. ಕಂಡಕ್ಟರು ಹಿಡಿ ಇಲ್ಲದವರಿಗೆ ಅರ್ಧ ಟಿಕೆಟ್ಟೋ ಪೂರ್ತಿ ಟಿಕೆಟ್ಟೋ ಎಂದು ತಲೆ ಕೆರೆದುಕೊಂಡ. ಹೆಂಡತಿಯ ಚಾಕು ನಿಂತಿತು. ಮಗಳು ಫೋನನ್ನು ಮಗುಚಿ ಇಟ್ಟಳು. "ನನ್ನ ಹಿಡಿ ಕಂಡಿರಾ?" ಎಂದರೆ ಪರದೆಯಿಂದ "ಕಾಣೆ ಕಾಣೆ, ಮುಂದೆ ಕೇಳು" ಎಂದು ಕೂಗು, ಅದರ ಹಿಂದೆಯೇ ನೋಯ್ಡಾದ ಹುಡುಗಿಯ ಗಹಗಹ ನಗು. ಇದನ್ನು ಬಿಡುತ್ತೇನೆ ಎನ್ನುತ್ತಿದ್ದಾರಲ್ಲ ಎಂದುಕೊಂಡೆ.

ಬಸ್ಸು ಇನ್ನೂ ಅರ್ಧ ದಾರಿಯಲ್ಲಿತ್ತು. ಪರದೆಯ ಮೂಲೆಯಲ್ಲಿದ್ದ ಅತ್ತೆಯ ಚಿತ್ರ ಬಾಯಿ ತೆರೆದುಕೊಂಡು ನಿಂತುಬಿಟ್ಟಿತು. ಮಕ್ಕಳ ಮುಖಗಳೂ ತುಂಡುತುಂಡಾದವು. ಅತ್ತೆ ಇನ್ನೊಮ್ಮೆ "ಕಂಡಿರಾ?" ಎಂದರು. ಉತ್ತರವಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಯ್ಡಾದ ಹುಡುಗಿಯ ಧ್ವನಿ ಮಾತ್ರ ಬಂತು.

"ಅಜ್ಜಿ ಫಿರ್ ಸೇ ಸುಸ್ತ್ ಹೋ ಗಯೀ."

ಅತ್ತೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ಕೇಳಿಸ್ತೇನೋ? ಸಾಕು ಅಂತ ನಾನು ಸುಮ್ಮನೆ ಹೇಳಿದ್ದಲ್ಲ."

"ಏನು ಕೇಳಿಸಬೇಕು ಅತ್ತೆ?"

"ಅಜ್ಜಿಗೆ ಸುಸ್ತಾಯ್ತು ಅಂತ ಹೇಳ್ತಿದೆಯಲ್ಲೋ ಮಗು. ಪ್ರತಿ ವಾರ ಹೇಳುತ್ತೆ. ನೀವು ದೊಡ್ಡವರು ಬಾಯಿಬಿಟ್ಟು ಹೇಳಲ್ಲ, ಮಕ್ಕಳಿಗೆ ಮುಚ್ಚುಮರೆ ಇಲ್ಲ. ನನ್ನ ಮಾತು ಕೇಳೋಕೆ ಅವಕ್ಕೆ ಕಷ್ಟ ಆಗ್ತಿದೆ. ಶಾಲೇಲೂ ಹಾಗೇ, ಪಾಠ ಬೇಜಾರಾದರೆ ಮೇಡಂ ನಿಮಗೆ ಸುಸ್ತಾಗಿದೆ ಕೂತ್ಕೊಳ್ಳಿ ಅಂತಿದ್ವು."

ಸುಸ್ತು, ಸುಸ್ತ್ ಎಂಬ ಈ ಎರಡು ಮಾತುಗಳನ್ನು ನಾನು ದಿಲ್ಲಿಯಲ್ಲಿ ಮೂರು ದಶಕ ಆಡಿದ್ದೇನೆ. ಮನೆಗೆ ಬಂದು ಸುಸ್ತಾಯಿತು ಎಂದಿದ್ದೇನೆ. ಕಚೇರಿಯಲ್ಲಿ ಕೆಲಸಗಳ್ಳನನ್ನು ಸುಸ್ತ್ ಎಂದು ಬೈದಿದ್ದೇನೆ. ಒಂದೇ ಮುಖದ ಈ ಎರಡು ಮಾತು ಬೇರೆ ಬೇರೆ ಕೆಲಸ ಮಾಡುತ್ತವೆ ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಆಗಲೂ ಹೊಳೆಯಲಿಲ್ಲ. ಮೊದಲು ತಿಳಿದದ್ದು ಮಗಳಿಗೆ. ಅವಳು ಮೋಡಾದಿಂದ ಎದ್ದು ಬಂದು ದಿವಾನದ ತುದಿಯಲ್ಲಿ ಕುಳಿತಳು.

"ಅಜ್ಜಿ, ಸುಸ್ತ್ ಅಂದ್ರೆ ಟೈರ್ಡ್ ಅಲ್ಲ. ಟೈರ್ಡ್ ಆದ್ರೆ ಥಕ್ ಗಯೀ ಅಂತಾರೆ. ಹಿಂದೀಲಿ ಸುಸ್ತ್ ಅಂದ್ರೆ ಸ್ಲೋ. ನಿಧಾನ."

"ನಾನು ನಿಧಾನವೇ?"

"ನೀವಲ್ಲ, ನಿಮ್ಮ ವಿಡಿಯೋ. ಈ ಡಬ್ಬಾ ಸ್ಲೋ. ಅವಳಿಗೆ ಕಾಣೋದು ಅಷ್ಟೇ ಅಲ್ವಾ?"

ಅತ್ತೆ ಪರದೆಯನ್ನೂ ಅವಳನ್ನೂ ಬದಲಿಸಿ ಬದಲಿಸಿ ನೋಡಿದರು. ಶಾಲೆಯ ಲೆಕ್ಕ ಸರಿಹೋಗಿದೆಯೋ ಇಲ್ಲವೋ ಎಂದು ಬೆರಳು ಮಡಿಸಿ ನೋಡುವಂತೆ, ಆ ಹುಡುಗಿ ಹಿಂದಿನ ವಾರಗಳಲ್ಲಿ ಹೇಳಿದ್ದನ್ನೆಲ್ಲ ಈ ಹೊಸ ಅರ್ಥದಲ್ಲಿ ಮತ್ತೊಮ್ಮೆ ಒಳಗೇ ಕೇಳಿಸಿಕೊಂಡರೆಂದು ಕಾಣುತ್ತದೆ. ಆಮೇಲೆ, "ಹಾಗಾದ್ರೆ ಅವತ್ತು ಊಟಕ್ಕೆ ಕೂತಾಗ ಲ್ಯಾಪ್‌ಟಾಪಿಗೆ ಸುಸ್ತು ಅಂದೆಯಲ್ಲ ನೀನು?" ಎಂದರು.

"ಅದೂ ಸ್ಲೋ ಅಂತಾನೇ."

"ಅಯ್ಯೋ ನಿನ್ನ. ನಾನು ಅದಕ್ಕೆ ಆಯಾಸ ಅಂದ್ಕೊಂಡು ಇನ್ನೊಂದು ಮಡಿಕೆ ಹಾಸಿದ್ನಲ್ಲೇ."

"ಏನು ಹಾಸಿದಿರಿ?" ಎಂದು ಹೆಂಡತಿ ನೆಲದಿಂದಲೇ ಕೇಳಿದಳು.

ಅತ್ತೆ ಲ್ಯಾಪ್‌ಟಾಪಿನ ಮುಂದೆ ಇಳಿಬಿಟ್ಟಿದ್ದ ಬಿಳಿ ವಸ್ತ್ರದ ಅಂಚನ್ನು ಮೇಲಕ್ಕೆತ್ತಿದರು. ಅದರಡಿ ಅವರ ಕೌದಿ ಇತ್ತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಅವರೇ ಹೊಲಿದದ್ದು, ಊರಿನಿಂದ ಬರುವಾಗ ಮಂಡಿಗೆ ಇರಲಿ ಎಂದು ತಂದದ್ದು. ಮೊದಲು ಎರಡು ಮಡಿಕೆಯಾಗಿತ್ತಂತೆ. ಲ್ಯಾಪ್‌ಟಾಪಿಗೆ ಸುಸ್ತು ಎಂದು ಕೇಳಿದ ಮೇಲೆ ನಾಲ್ಕಾಗಿತ್ತು. ಅದರ ನಡುವೆ ನಮ್ಮ ಯಂತ್ರ, ಚಳಿಗಾಲದ ಬೆಕ್ಕಿನ ಹಾಗೆ, ಹೊಟ್ಟೆಯೊತ್ತಿ ಕುಳಿತಿತ್ತು.

ದಿವಾನವೆಂದರೆ ಕಾಲಿಟ್ಟು ಹತ್ತುವ, ಕಾಲು ಚಾಚಿ ಮಲಗುವ ಜಾಗ. ಅಂಥ ಕಡೆ ಪುಸ್ತಕವನ್ನು ಅತ್ತೆ ಬರಿದಾಗಿ ಇಟ್ಟದ್ದನ್ನು ನಾನು ಕಂಡಿಲ್ಲ. ನಾವು ಚಿಕ್ಕವರಿದ್ದಾಗ ಸ್ಲೇಟನ್ನು ಚಾಪೆಯ ಮೇಲೆ ಇಟ್ಟರೂ ಬೈಗುಳ ಸಿಗುತ್ತಿತ್ತು; ಮೊದಲು ಒಂದು ಮಡಿ ವಸ್ತ್ರ ಹಾಸು, ಆಮೇಲೆ ಸರಸ್ವತಿಯನ್ನು ಕೂರಿಸು. ಲ್ಯಾಪ್‌ಟಾಪಿನಲ್ಲಿ ಪಾಠ ನಡೆಯುವುದರಿಂದ ಅದೂ ಸರಸ್ವತಿಯ ಕಡೆಯದೇ ಎಂದು ಅವರು ಮೊದಲ ದಿನವೇ ತೀರ್ಮಾನಿಸಿದ್ದರು. ಪಾಠ ಮುಗಿದ ಮೇಲೆ ಕೌದಿಯನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟು ಬಾಗಿಲು ತೆರೆಯುತ್ತಿದ್ದರು. ನನ್ನ ಪರೀಕ್ಷೆಗಳೆಲ್ಲ ನಡೆದದ್ದು ಊಟದ ಮೇಜಿನ ಬರಿಯ ಹಲಗೆಯ ಮೇಲೆ. ಅಂಗಡಿಯವನದು ಗಾಜಿನ ಕೌಂಟರಿನ ಮೇಲೆ.

ಮಗಳು ಲ್ಯಾಪ್‌ಟಾಪನ್ನು ಎತ್ತಿ, ಅದರ ತಳಕ್ಕೆ ಅಂಗೈ ಇಟ್ಟು, ಇಟ್ಟ ಹಾಗೆಯೇ ತೆಗೆದಳು. ಕಾದ ಹಂಚು. ಒಳಗಿನ ಫ್ಯಾನು ಗಾಳಿ ಎಳೆದುಕೊಳ್ಳುವುದು ಅಡಿಯಲ್ಲಿರುವ ಕಿಂಡಿಗಳಿಂದ. ಅವನ್ನು ಮುಚ್ಚಿದರೆ ಯಂತ್ರ ಬಿಸಿಯಾಗುತ್ತಾ ಹೋಗುತ್ತದೆ. ಇನ್ನೂ ಬಿಸಿಯಾದರೆ ಸುಟ್ಟುಹೋದೇನು ಎಂದು ತಾನಾಗಿಯೇ ಕೆಲಸ ನಿಧಾನ ಮಾಡಿಕೊಳ್ಳುತ್ತದೆ. ಇಷ್ಟನ್ನೂ ಅವಳು ಹಿಂದಿ ಇಂಗ್ಲಿಷು ಕನ್ನಡ ಮೂರನ್ನೂ ಬೆರೆಸಿ ವಿವರಿಸಿದಳು. ಅತ್ತೆ ಪೂರ್ತಿ ಕೇಳಿಸಿಕೊಂಡು, ಹಾಗಾದರೆ ನಿಮ್ಮ ಸುಸ್ತೂ ನಮ್ಮ ಸುಸ್ತೂ ಬೇರೆಯೇನಲ್ಲ, ಅದಕ್ಕೂ ಬಿಸಿಲಿಗೆ ಸುಸ್ತಾಗೇ ಸುಸ್ತಾಗಿರೋದು ಎಂದರು.

ಅಷ್ಟರಲ್ಲಿ ಪರದೆಯ ಮಕ್ಕಳು ಅಸಹನೆಯಿಂದ ಏನೇನೋ ಕೂಗುತ್ತಿದ್ದರು. ಲ್ಯಾಪ್‌ಟಾಪನ್ನು ಮಗಳು ಕೈಯಲ್ಲೇ ಹಿಡಿದುಕೊಂಡಿದ್ದಳು, ಎಲ್ಲಿ ಇಡುವುದು? ಬರಿ ದಿವಾನದ ಮೇಲೆ ಕೂಡದು ಎಂದು ಅತ್ತೆ. ಊಟದ ಮೇಜಿಗೆ ಹೋಗೋಣವೆಂದರೆ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಅವರಿಗೆ ಕಥೆ ಬಾರದು. ಹೆಂಡತಿ ಎದ್ದು ಹೋಗಿ ಅಡುಗೆಮನೆಯಿಂದ ಫುಲ್ಕಾ ಉಬ್ಬಿಸುವ ತಂತಿಯ ಜಾಲರಿಯನ್ನು ತಂದಳು. ಗಾಳಿಯಾಡಲು ಅದಕ್ಕಿಂತ ಒಳ್ಳೆಯದಿಲ್ಲ. ಅತ್ತೆ ಅದನ್ನು ನೋಡಿದ ರೀತಿಗೇ ಅವಳು ಅರ್ಧ ಹಿಂದೆ ಸರಿದಳು.

"ಬೆಳಿಗ್ಗೆ ತೊಳೆದಿದ್ದೀನಿ ಅತ್ತೆ."

"ತೊಳೆದರೆ? ವಿದ್ಯೆಯನ್ನ ಒಲೆ ಮೇಲೆ ಇಡ್ತೀಯಾ?"

ಆಗ ನನಗೊಂದು ಬುದ್ಧಿ ಬಂತು. ಕಪಾಟಿನಿಂದ ನನ್ನ ನೌಕರಿಯ ಕಾಲದ ಎರಡು ದಪ್ಪ ನಿಯಮಾವಳಿಗಳನ್ನು ತಂದು, ನಡುವೆ ಅಂತರ ಬಿಟ್ಟು, ದಿವಾನದ ಮೇಲೆ ವಸ್ತ್ರ ಹಾಸಿ ಅದರ ಮೇಲಿಟ್ಟೆ. ವಿದ್ಯೆಯ ಮೇಲೆ ವಿದ್ಯೆ ಇಡಬಹುದಲ್ಲ ಎಂದೆ. ಅತ್ತೆ ಒಂದನ್ನು ತೆರೆದು ಒಂದು ಪುಟ ಕಣ್ಣಾಡಿಸಿ, ಇದು ವಿದ್ಯೆಯೇ ಎಂದು ಸಂಶಯಪಟ್ಟರು. ಮೂವತ್ತು ವರ್ಷ ನಮ್ಮ ಮನೆ ನಿಂತಿದ್ದೇ ಅದರ ಮೇಲೆ ಎಂದು ಹೆಂಡತಿ ಹೇಳಿದ ಮೇಲೆ ಒಪ್ಪಿದರು. ಲ್ಯಾಪ್‌ಟಾಪು ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಕುಳಿತಿತು. ಮಗಳು ಹೆಂಡತಿಯ ಪತ್ರಿಕೆಯನ್ನು ಮಡಿಸಿ ಅದರ ಅಡಿಗೆ ಗಾಳಿ ಬೀಸತೊಡಗಿದಳು. ಮಾವಿನಕಾಯಿಯ ಸೊನೆಯ ವಾಸನೆ ಕೋಣೆಯ ತುಂಬ.

ತುಸು ಹೊತ್ತಾಯಿತು. ಅತ್ತೆಯ ಚಿತ್ರದ ತೆರೆದ ಬಾಯಿ ಮುಚ್ಚಿಕೊಂಡಿತು. ಮಕ್ಕಳ ಮುಖಗಳ ತುಂಡುಗಳು ಒಂದಕ್ಕೊಂದು ಸೇರಿಕೊಂಡವು.

"ಅಬ್ ಅಜ್ಜಿ ತೇಜ್ ಹೋ ಗಯೀ," ಎಂದಳು ನೋಯ್ಡಾದ ಹುಡುಗಿ.

ಅತ್ತೆ ಮಗಳ ಕಡೆಗೆ ಬಾಗಿ, ಇದೇನು, ನನಗೆ ತೇಜಸ್ಸು ಬಂತು ಅಂತಿದೆಯಾ ಎಂದು ಮೆಲ್ಲಗೆ ಕೇಳಿದರು. ಈ ಸಲ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದೆಂದು ಅವರಿಗೆ ಅನಿಸಿರಬೇಕು. ತೇಜ್ ಎಂದರೆ ಚುರುಕು ಎಂದು ಮಗಳು ಹೇಳಿದಳು. ಪರವಾಗಿಲ್ಲ, ಅದೂ ನಡೆಯುತ್ತೆ ಎಂದು ಅತ್ತೆ ಬೆನ್ನು ನೆಟ್ಟಗೆ ಮಾಡಿ ಕುಳಿತು, ಬಸ್ಸನ್ನು ಮತ್ತೆ ಹೊರಡಿಸಿದರು.

ಹಿಡಿ ಅಂದು ಸಿಗಲಿಲ್ಲ. ಹುಡುಕಿಸಿಕೊಡುವ ಯೋಚನೆಯನ್ನು ಅವರು ಕೈಬಿಟ್ಟದ್ದು ನನಗೆ ತಿಳಿದುಹೋಯಿತು. ಸಂತೆಯಲ್ಲಿ ಬಾಣಲೆ ಇಳಿಯಬೇಕಾಗಿದ್ದ ಜಾಗದಲ್ಲಿ ಇಳಿಯದೆ, ನಿದ್ದೆ ಹೋಗಿ, ಮುಂದಿನ ಊರಿಗೆ ಹೋಯಿತು. ಅಲ್ಲಿ ಯಾರ್‍ಯಾರು ಇದ್ದರು ಎಂದು ಮುಂದಿನ ಶನಿವಾರ ಹೇಳುತ್ತೇನೆ, ಹೊತ್ತಿಗೆ ಸರಿಯಾಗಿ ಬರಬೇಕು ಎಂದು ಮಕ್ಕಳಿಗೆ ತಾಕೀತು ಮಾಡಿ ಕೆಂಪು ಗುಂಡಿ ಒತ್ತಿದರು. ಆಮೇಲೆ ಕೌದಿಯನ್ನು ಒಮ್ಮೆ ಕೊಡವಿ ತಮ್ಮ ಮಂಡಿಯ ಮೇಲೆ ಹೊದ್ದು, ನಮ್ಮ ಮೂವರನ್ನೂ ನೋಡಿ, ಇನ್ನೇನು ನೋಡ್ತೀರಿ, ಎದ್ದು ನಡೀರಿ ಎಂದರು. ಬೆಳಿಗ್ಗೆ ಹೇಳಿದ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಲ್ಯಾಪ್‌ಟಾಪು ಹೊಸದಾಯಿತೆಂದು ಯಾರೂ ತಿಳಿಯಬಾರದು. ವಯಸ್ಸು ಆಗಿದ್ದು ನಿಜವೇ. ಜೂನಿನ ಬೇಗೆಯಲ್ಲಿ ಪುಸ್ತಕಗಳ ಮೇಲಿದ್ದರೂ ಒಮ್ಮೊಮ್ಮೆ ಎಳೆದಾಡುತ್ತದೆ. ಆಗ ಅತ್ತೆ ಮಕ್ಕಳಿಗೆ ತಾವೇ ಹಿಂದಿಯಲ್ಲಿ ಸುಸ್ತ್ ಹೈ, ಸುಸ್ತ್ ಹೈ, ರುಕೋ ಎಂದು ಹೇಳಿ, ಒಂದು ಒಗಟು ಹಾಕಿ, ಅದು ತಣಿಯುವವರೆಗೆ ಕಾಲ ತಳ್ಳುತ್ತಾರೆ. ಬಿಟ್ಟುಹೋಗಿದ್ದ ಇಬ್ಬರಲ್ಲಿ ಒಂದು ಮಗು ಮರಳಿ ಬಂತು. ಇನ್ನೊಂದು ಈಜು ಕಲಿಯಲು ಹೋಗುತ್ತಿದೆಯಂತೆ, ಹೋಗಲಿ. ನನಗೆ ಮಾತ್ರ ಕೆಲಸ ಹೋಯಿತು. ಈಗ ಬೆಳಿಗ್ಗೆ ತಿಂಡಿಯ ಮೇಲೆ ಮಿಕ್ಸರನ್ನು ಬಿಚ್ಚಿಕೊಂಡು ಕೂರುತ್ತೇನೆ. ಅದರಲ್ಲಿ ಏನೂ ಕೆಟ್ಟಿಲ್ಲ ಎಂದು ಹೆಂಡತಿ ಹೇಳುತ್ತಿರುತ್ತಾಳೆ.

ಮಳೆ ಶುರುವಾದ ಮೇಲೆ ಒಂದು ಭಾನುವಾರ ನೋಯ್ಡಾದ ಹುಡುಗಿ ತಂದೆತಾಯಿಯೊಂದಿಗೆ ನಮ್ಮ ಮನೆಗೆ ಬಂದಳು. ಅವರ ಮನೆಯ ಹತ್ತಿರ ಮೆಟ್ರೋ ಹತ್ತಿದರೆ ಬದಲಾಯಿಸದೆ ದ್ವಾರಕಾಕ್ಕೆ ಬಂದಿಳಿಯಬಹುದು. ಬಾಗಿಲಲ್ಲಿ ನಿಂತು ಅವಳು ಅತ್ತೆಯನ್ನು ಮೇಲಿನಿಂದ ಕೆಳಗೆ ನೋಡಿದಳು. ಪರದೆಯಲ್ಲಿ ಅಜ್ಜಿ ಬಹಳ ಎತ್ತರ ಕಾಣುತ್ತಿದ್ದರಂತೆ. ಅವಳ ತಂದೆ ಲ್ಯಾಪ್‌ಟಾಪು ಇಡಲೆಂದು ಒಂದು ಮಡಿಸುವ ಮರದ ಪೀಠ ತಂದಿದ್ದರು. ಅವರ ಮನೆಯಲ್ಲಿ ಕುರಾನ್ ಇಟ್ಟು ಓದುವಂಥದ್ದು, ರಿಹಾಲ್ ಎನ್ನುತ್ತಾರಂತೆ, ಇದು ಹೊಸದಾಗಿ ಕೊಂಡದ್ದು. ಅತ್ತೆ ಅದನ್ನು ಬಿಡಿಸಿ, ಮಡಿಸಿ, ನಮ್ಮ ಕಡೆ ಇದನ್ನು ವ್ಯಾಸಪೀಠ ಅಂತೀವಿ ಎಂದು ಹೇಳಿ ಕೋಣೆಯಲ್ಲಿ ಇಟ್ಟು ಬಂದರು. ಊಟಕ್ಕೆ ಎಲ್ಲರೂ ಒಟ್ಟಿಗೆ ಕುಳಿತೆವು. ನನ್ನ ಹೆಂಡತಿ ಹುಡುಗಿಯ ತಟ್ಟೆಗೆ ಚಪಾತಿ ಹಾಕಲು ಹೋದಳು. ಹುಡುಗಿ ತಟ್ಟೆಯನ್ನು ಅತ್ತೆಯ ಕಡೆಗೆ ತಿರುಗಿಸಿ, "ಅಜ್ಜಿ, ನನಗೆ ಚಪಾತಿ ಬೇಡ, ಅನ್ನ ಹಾಕಿ," ಎಂದಳು, ಕನ್ನಡದಲ್ಲೇ. ಅತ್ತೆ ಅನ್ನ ಬಡಿಸಿ, ಸಾರು ಹ್ಯಾಗೆ, ತೆಳು ಬೇಕೋ ಗಟ್ಟಿ ಬೇಕೋ ಎಂದು ಕೇಳಿದರು. ಗಟ್ಟಿ ಎಂದಳು.